ಷಿಕಾಗೋ ನಗರದ ದನದ ಪೇಟೆ

ಸರಕಿಗೆ ಬೇಡಿಕೆ ಇದ್ದ ಮಾತ್ರಕ್ಕೆ ಬೆಳೆದವನಿಗೆ ಬೆಲೆ ಬರುವುದಿಲ್ಲ. ಸರಕು ಪೇಟೆಯನ್ನು ಮುಟ್ಟಲು ದಾರಿ ಇರಬೇಕು; ಪೇಟೆಯಲ್ಲಿ ಕೊಳ್ಳುವವರ ನಡುವೆ ಪೈಪೋಟಿಯೂ ಇರಬೇಕು. ಅರ್ಥಶಾಸ್ತ್ರದ ಈ ತತ್ತ್ವಕ್ಕೆ ಅಮೆರಿಕದ ದನದ ವ್ಯಾಪಾರದ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ.

1865ರಲ್ಲಿ ಅಲ್ಲಿನ ಅಂತರ್ಯುದ್ಧವು ಮುಗಿದಾಗ ಟೆಕ್ಸಾಸ್ ಸಂಸ್ಥಾನದ ಬಯಲುಗಳಲ್ಲಿ ಉದ್ದಕೊಂಬಿನ ದನಗಳು ಲಕ್ಷಗಟ್ಟಲೆ ಇದ್ದುವು. ಅಲ್ಲಿ ಒಂದರ ಬೆಲೆ ಸುಮಾರು 4 ಡಾಲರು. ಉತ್ತರದ ಪಟ್ಟಣಗಳಲ್ಲಿ ಸುಮಾರು ಅದರ ಹತ್ತರಷ್ಟು. ಆದರೆ ಟೆಕ್ಸಾಸಿನಿಂದ ಉತ್ತರಕ್ಕೆ ರೈಲುಮಾರ್ಗ ಇರಲಿಲ್ಲ. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವರ್ತಕನು ಕ್ಯಾನ್ಸಸ್ ಸಂಸ್ಥಾನದ ಅಬಿಲೀನ್ ಎಂಬ ಸಣ್ಣ ಊರಿನಲ್ಲಿ ರೈಲುಮಾರ್ಗದ ಪಕ್ಕಕ್ಕೆ ದೊಡ್ಡಿಗಳನ್ನು ಕಟ್ಟಿಸಿದನು. ಕುದುರೆ ಸವಾರರು ಟೆಕ್ಸಾಸಿನಿಂದ ಹಿಂಡುಗಳನ್ನು ಹೊಡೆದುಕೊಂಡು ಅಲ್ಲಿಗೆ ಬರತೊಡಗಿದರು. ಅಲ್ಲಿಂದ ದನಗಳು ರೈಲಿನಲ್ಲಿ ಷಿಕಾಗೋ ಸೇರುತ್ತಿದ್ದುವು.

ರೈಲ್ವೆ ಕಂಪೆನಿಗಳು ಕೂಡಿ ಸ್ಥಾಪಿಸಿದ ಷಿಕಾಗೋದ ಯೂನಿಯನ್ ಸ್ಟಾಕ್ ಯಾರ್ಡ್ 1865ರ ಡಿಸೆಂಬರ್ 25ರಂದು ಪ್ರಾರಂಭವಾಗಿತ್ತು. ಅಲ್ಲಿ ದಲ್ಲಾಳಿಯು ರೈತನ ಪರವಾಗಿ ಕಸಾಯಿಖಾನೆಗಳ ಗುಮಾಸ್ತರಿಗೆ ದನಗಳನ್ನು ತೋರಿಸಿ, ಬೆಲೆ ಕುದುರಿಸಿ, ತೂಕ ಮಾಡಿಸಿ, ತನ್ನ ಕಮೀಷನ್ ಮುರಿದುಕೊಂಡು ಉಳಿದ ಹಣವನ್ನು ಸಲ್ಲಿಸುತ್ತಿದ್ದನು.

ಜೀವಂತ ದನವನ್ನು ಪೂರ್ವದ ನಗರಗಳಿಗೆ ಸಾಗಿಸುವುದು ನಷ್ಟದ ಕೆಲಸ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ತಿನ್ನಲು ಬಾರದು. ಆದರೂ ಇಡೀ ತೂಕಕ್ಕೆ ಬಾಡಿಗೆ ತೆರಬೇಕು. ಇದನ್ನು ಕಂಡ ಗಸ್ಟವಸ್ ಸ್ವಿಫ್ಟ್ ಎಂಬ ವ್ಯಾಪಾರಿಯು 1878ರ ಸುಮಾರಿಗೆ ಮಂಜುಗಡ್ಡೆಯಿಂದ ತಂಪಾಗಿರುವ ರೈಲು ಡಬ್ಬಿಗಳನ್ನು ಮಾಡಿಸಿ, ಮಾಂಸವನ್ನೇ ಕಳುಹಿಸಲು ಹೊರಟನು. ದನದ ಸಾಗಣೆಯಿಂದ ಲಾಭ ಪಡೆಯುತ್ತಿದ್ದ ರೈಲ್ವೆಗಳು ಒಪ್ಪಲಿಲ್ಲ; ಅವನು ಕೆನಡಾದ ಗ್ರ್ಯಾಂಡ್ ಟ್ರಂಕ್ ರೈಲ್ವೆಯನ್ನು ಆಶ್ರಯಿಸಿ ಗೆದ್ದನು. ಆದರೆ ಇಂಥ ಡಬ್ಬಿಗಳಿಗೂ ಶೀತಲ ಗೃಹಗಳಿಗೂ ಅಪಾರ ಬಂಡವಾಳ ಬೇಕು. ಆದುದರಿಂದ ವ್ಯಾಪಾರವು ಕೆಲವೇ ಕಂಪೆನಿಗಳ ಕೈಸೇರಿತು.

ಈ ಕಂಪೆನಿಗಳ ಗುಮಾಸ್ತರು ಪರಸ್ಪರ ಬೆಲೆ ಏರಿಸದಂತೆ ಒಳಒಪ್ಪಂದ ಮಾಡಿಕೊಂಡಿದ್ದಾರೆಂದು ಸರ್ಕಾರವು ದಾವೆ ಹೂಡಿತು. 1905ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಪರವಾಗಿ ತೀರ್ಪಿತ್ತಿತು. ದನವು ಒಂದು ಸಂಸ್ಥಾನದಿಂದ ಹೊರಟು ಪೇಟೆಯಲ್ಲಿ ತುಸು ಹೊತ್ತು ನಿಂತರೂ ಅದು ಅಂತರ್‌ಸಂಸ್ಥಾನ ವ್ಯಾಪಾರದ ಪ್ರವಾಹದೊಳಗೇ ಇದೆ. ಆದುದರಿಂದ ಕೇಂದ್ರದ ಕಾನೂನಿಗೆ ಒಳಪಟ್ಟಿದೆ ಎಂಬುದು ನ್ಯಾಯಮೂರ್ತಿ ಹೋಮ್ಸ್ ಅವರ ಅಭಿಪ್ರಾಯ. 1921ರ ಕಾಯಿದೆಯು ಕಸಾಯಿಖಾನೆಯ ಕಂಪೆನಿಗಳನ್ನೂ ಪೇಟೆಯ ದಲ್ಲಾಳಿಗಳನ್ನೂ ಸರ್ಕಾರದ ಮೇಲ್ವಿಚಾರಣೆಗೆ ಒಳಪಡಿಸಿತು.

ಮುಂದೆ ಲಾರಿಗಳು ಬಂದುವು. ಕಸಾಯಿಖಾನೆಗಳು ದನ ಸಾಕುವ ಪ್ರಾಂತಗಳಿಗೇ ಹೋದುವು. 1971ರಲ್ಲಿ ಷಿಕಾಗೋದ ಪೇಟೆ ಮುಚ್ಚಿತು. ಇಂದು ಆ ದೇಶದಲ್ಲಿ ಮಾಂಸಕ್ಕಾಗಿ ಕೊಬ್ಬಿಸಿದ ದನಗಳಲ್ಲಿ ನೂರಕ್ಕೆ ಸುಮಾರು 85ರಷ್ಟನ್ನು ನಾಲ್ಕೇ ಕಂಪೆನಿಗಳು ಕೊಳ್ಳುತ್ತವೆ. ಬಹುಪಾಲು ವ್ಯಾಪಾರ ಬಹಿರಂಗ ಪೇಟೆಯಲ್ಲಲ್ಲ, ಮುಂಗಡ ಕರಾರಿನಲ್ಲಿ ನಡೆಯುತ್ತದೆ. ಟೆಕ್ಸಾಸಿನ ರೈತನಿಗೆ ಒಮ್ಮೆ ದಾರಿಯಿಲ್ಲದೆ ಬೆಲೆ ಬರಲಿಲ್ಲ. ಈಗ ಎಲ್ಲ ಕಡೆಗೂ ದಾರಿಯಿದೆ, ಕೊಳ್ಳುವವರು ಕಡಿಮೆ. ದಾರಿಯನ್ನು ಬಂಡವಾಳವು ನಿರ್ಮಿಸಬಲ್ಲುದು. ಪೈಪೋಟಿಯನ್ನು ಕಾಪಾಡುವ ಹೊಣೆ ಮಾತ್ರ ಕಾನೂನಿನದು ಎಂಬುದನ್ನು ಈ ಚರಿತ್ರೆಯಿಂದ ತಿಳಿಯಬಹುದು.