ಮಾಸಿನಲ್ಲಿ ರಕ್ತನಾಳಗಳ ಬೆಳವಣಿಗೆ

ಚಿಕ್ಕಬಳ್ಳಾಪುರದ ಬಳಿಯ ಸ್ಕಂದಗಿರಿಯ ನೆತ್ತಿಯು ಸಮುದ್ರಮಟ್ಟಕ್ಕಿಂತ ಸುಮಾರು 1450 ಮೀಟರು ಎತ್ತರದಲ್ಲಿದೆ. ಅಲ್ಲಿಯ ಗಾಳಿ ಬಯಲಿನದಕ್ಕಿಂತ ತುಸು ತೆಳುವಾದರೂ ಗರ್ಭಕ್ಕೆ ಕೊರತೆಯಾಗುವಷ್ಟಲ್ಲ. ಎರಡೂವರೆ ಸಾವಿರ ಮೀಟರು ಮೀರಿದ ಆಂಡೀಸ್ ಪರ್ವತದ ಊರುಗಳ ಸಂಗತಿ ಬೇರೆ. ಶಿಶುವಿಗೆ ಉಸಿರನ್ನೂ ಆಹಾರವನ್ನೂ ಒದಗಿಸುವ ಮಾಸಿನಲ್ಲಿ ಅಲ್ಲಿ ಲೋಮನಾಳಗಳು ಹೆಚ್ಚಾಗಿ ಕವಲೊಡೆದಿರುತ್ತವೆ. ಆಮ್ಲಜನಕದ ಅಭಾವವೇ ನಾಳಗಳನ್ನು ಬೆಳೆಸುವ ಪ್ರೇರಣೆ.

ಬಯಲುಸೀಮೆಯಲ್ಲಿಯೂ ಪ್ರತಿಯೊಂದು ಗರ್ಭವು ಮೊದಲ ಎರಡೂವರೆ ತಿಂಗಳು ಇಂಥ ಅಭಾವದಲ್ಲಿಯೇ ಬೆಳೆಯುತ್ತದೆ. ತಾಯಿಯ ರಕ್ತವು ಮಾಸಿಗೆ ಧಾರಾಳವಾಗಿ ಹರಿಯತೊಡಗುವುದು ಆ ಬಳಿಕ. ಈ ಅವಧಿಯಲ್ಲಿ ವಿ.ಇ.ಜಿ.ಎಫ್. ಎಂಬ ಪ್ರೋಟೀನು ನಾಳಗಳನ್ನು ಕವಲೊಡೆಯಿಸುತ್ತದೆ. ಆರನೆಯ ತಿಂಗಳ ಸುಮಾರಿಗೆ ಕವಲು ತಗ್ಗಿ ನಾಳಗಳು ಉದ್ದವಾಗುತ್ತವೆ, ಆಗ ಪಿ.ಎಲ್.ಜಿ.ಎಫ್. ಎಂಬ ಅದರ ಸಜಾತಿಯು ಪ್ರಬಲವಾಗುವುದು.

ಬೆಳವಣಿಗೆಗೆ ತಡೆಯೂ ಬೇಕಷ್ಟೆ. ಮಾಸೇ ತಯಾರಿಸುವ ಎಸ್-ಫ್ಲಿಟ್-1 ಇವೆರಡನ್ನೂ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಈ ತಡೆ ಮಿತಿಮೀರಿ ತಾಯಿಯ ರಕ್ತದಲ್ಲಿ ತುಂಬಿಕೊಂಡರೆ ಆಕೆಯ ನಾಳಗಳ ಒಳಪದರವೇ ಕೆಡುವುದು. ರಕ್ತದೊತ್ತಡ ಏರುವುದು, ಮೂತ್ರದಲ್ಲಿ ಪ್ರೋಟೀನು ಕಾಣುವುದು. ವೈದ್ಯರು ಪ್ರೀ-ಎಕ್ಲಾಂಪ್ಸಿಯಾ ಎನ್ನುವ ಗರ್ಭಿಣಿಯರ ನಂಜು ಇದೇ. ಎಸ್-ಫ್ಲಿಟ್-1ರ ಈ ಪಾತ್ರವನ್ನು 2003ರಲ್ಲಿ ಅನಂತ ಕರುಮಂಚಿ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿಕೊಟ್ಟರು. ಯಾವ ನೋವನ್ನೂ ಕೊಡದೆ ಈ ನಂಜು ಆರಂಭವಾಗಬಲ್ಲದು. ಆದುದರಿಂದಲೇ ಗರ್ಭಿಣಿಯು ಆರೋಗ್ಯ ಕೇಂದ್ರಕ್ಕೆ ಬಂದಾಗಲೆಲ್ಲ ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನು ಅಳೆಯುವರು. ಮಾಸು ಹೊರಬಿದ್ದ ಮೇಲೆ ನಂಜು ಸಾಮಾನ್ಯವಾಗಿ ಇಳಿಯುವುದು. ಕೆಲವರಲ್ಲಿ ಹೆರಿಗೆಯಾದ ದಿನಗಳ ನಂತರವೂ ತಲೆದೋರುವುದುಂಟು.