ಹೊಟ್ಟೆ ಚಿಕ್ಕದಾದ ಮೇಲೆ

ಬೊಜ್ಜು ಇಳಿಸೋ ಆಪರೇಷನ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗೋದು ಕೊಬ್ಬನ್ನು ಹೀರಿ ತೆಗೆಯುವ ಲಿಪೊಸಕ್ಷನ್. ಅದು ಬೇರೆ, ಇದು ಬೇರೆ. ಬೇರಿಯಾಟ್ರಿಕ್ ಸರ್ಜರಿಯಲ್ಲಿ ವೈದ್ಯರು ಬದಲಿಸುವುದು ಜಠರವನ್ನು, ಕೆಲವೊಮ್ಮೆ ಸಣ್ಣ ಕರುಳಿನ ದಾರಿಯನ್ನೂ. ಇದು ಕೆಲಸ ಮಾಡುತ್ತೆ ಅಂತ ಹೇಗೆ ಗೊತ್ತಾಯ್ತು, ಮಾಡಿಸಿಕೊಂಡವರು ಆಮೇಲೆ ಏನು ತಿನ್ನಬೇಕು, ಇವೆರಡು ಈ ಲೇಖನದ ಪ್ರಶ್ನೆಗಳು. ಎರಡನೆಯದನ್ನು ಜನ ಕೇಳೋದೇ ಕಡಿಮೆ. ತೊಂದರೆ ಶುರುವಾಗೋದು ಅಲ್ಲೇ.

"ಕಡಿಮೆ ತಿಂದು ಓಡಾಡಿದ್ರೆ ಆಯ್ತಪ್ಪ, ಆಪರೇಷನ್ ಯಾಕೆ?" ಅನ್ನೋದು ಮೆಸ್ಸಿನಲ್ಲಿ ಸುಲಭವಾಗಿ ಬರೋ ಮಾತು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಾದರೂ ಹಾಗೆ ಹೇಳಬಾರದು. ದೇಹ ಓಪನ್ ಲೂಪ್ ಅಲ್ಲ ಸ್ವಾಮಿ! ತೂಕ ಇಳಿದರೆ ಹಸಿವು ಹೆಚ್ಚಿಸುವ ಫೀಡ್‌ಬ್ಯಾಕ್ ಒಳಗೇ ಇದೆ. ಜಠರದಲ್ಲಿ ಹುಟ್ಟುವ ಗ್ರೆಲಿನ್ ಎಂಬ ಹಾರ್ಮೋನ್ ಹಸಿವನ್ನು ಕೆರಳಿಸುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಕಮಿಂಗ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಥ್ಯದಿಂದ 17% ತೂಕ ಇಳಿಸಿಕೊಂಡವರಲ್ಲಿ ಗ್ರೆಲಿನ್ 24% ಏರಿತ್ತು. ಅಂದರೆ ಇಳಿದ ತೂಕ ಮತ್ತೆ ಏರುವುದಕ್ಕೆ ಸೋಮಾರಿತನವೊಂದೇ ಕಾರಣ ಅಲ್ಲ.

ಈಗ ಹೆಚ್ಚು ನಡೆಯುವುದು ಎರಡು ಬಗೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗದಷ್ಟನ್ನು ಕತ್ತರಿಸಿ ತೆಗೆದು, ಉಳಿದಿದ್ದನ್ನು ಕೊಳವೆಯ ಹಾಗೆ ಬಿಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಊಟ ಜಠರದ ಉಳಿದ ಭಾಗವನ್ನೂ ಕರುಳಿನ ಮೊದಲ ತುಂಡಾದ ಡ್ಯೂಡಿನಮ್ಮನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಪುರಾವೆಗೆ ಬರೋಣ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಎಸ್‌ಒಎಸ್ ಅಧ್ಯಯನ ಈ ಕ್ಷೇತ್ರದ ದೊಡ್ಡ ಹೆಸರು, ಮುಂದಾಳು ಲಾರ್ಸ್ ಶೋಸ್ಟ್ರೋಮ್. ಆಪರೇಷನ್ ಆದವರು 2,010, ಸಾಮಾನ್ಯ ಚಿಕಿತ್ಸೆಯವರು 2,037. ಯಾರಿಗೆ ಯಾವುದು ಅಂತ ಚೀಟಿ ಎತ್ತಿ ಹಂಚಲಿಲ್ಲ. ಆ ಕಾಲದಲ್ಲಿ ಆಪರೇಷನ್ನಿನ ಅಪಾಯ ಹೆಚ್ಚಿತ್ತು, ನೈತಿಕ ಸಮಿತಿಗಳು ಒಪ್ಪಲಿಲ್ಲ. ಹಾಗಾಗಿ 18 ಅಂಶಗಳನ್ನು ಹೊಂದಿಸಿ ಎರಡು ಗುಂಪು ಮಾಡಿದರು. ಇದು ಅಧ್ಯಯನದ ದೌರ್ಬಲ್ಯ, ಒಪ್ಪಬೇಕು. ಆದರೆ ಹೊಂದಿಸಿದ ಮೇಲೂ ಹೆಚ್ಚು ತೂಕದವರು, ಹೆಚ್ಚು ಸಿಗರೇಟು ಸೇದುವವರು ಇದ್ದದ್ದು ಆಪರೇಷನ್ ಗುಂಪಿನಲ್ಲೇ. 2007ರ ವರದಿಯ ಹೊತ್ತಿಗೆ ಸರಾಸರಿ ಸುಮಾರು 11 ವರ್ಷ ಕಳೆದಿತ್ತು. ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ 129 ಜನ, ಆಪರೇಷನ್ ಗುಂಪಿನಲ್ಲಿ 101 ಜನ ತೀರಿಕೊಂಡಿದ್ದರು. ನನಗೆ ಇನ್ನೂ ದೊಡ್ಡದು ಅನಿಸಿದ್ದು ಬೇರೊಂದು ಸಂಖ್ಯೆ: 4,047 ಜನರಲ್ಲಿ ಬದುಕಿದ್ದಾರೋ ಇಲ್ಲವೋ ಗೊತ್ತಾಗದೆ ಉಳಿದವರು ಮೂವರೇ. ನಾವು ಪ್ರಾಜೆಕ್ಟಿಗೆ ನೂರು ಜನರಿಗೆ ಗೂಗಲ್ ಫಾರ್ಮ್ ಕಳಿಸಿ ಇಪ್ಪತ್ತು ಉತ್ತರ ಬಂದರೆ ಸಿಹಿ ಹಂಚುತ್ತೇವೆ.

ಚೀಟಿ ಎತ್ತಿ ಹಂಚಿದ ಪ್ರಯೋಗಗಳೂ ಆಮೇಲೆ ಬಂದವು. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ಸ್ಟ್ಯಾಂಪೀಡ್ ಪ್ರಯೋಗದಲ್ಲಿ ಡಯಾಬಿಟಿಸ್ ಇದ್ದ 150 ಜನ ಇದ್ದರು. ಐದು ವರ್ಷದ ಬಳಿಕ ಎಚ್‌ಬಿಎ1ಸಿ 6.0% ಅಥವಾ ಅದಕ್ಕಿಂತ ಕೆಳಗೆ ಇದ್ದವರು ಬರೀ ಔಷಧಿಯ ಗುಂಪಿನಲ್ಲಿ 5%, ಸ್ಲೀವ್‌ನಲ್ಲಿ 23%, ಬೈಪಾಸ್‌ನಲ್ಲಿ 29%. ಗೆದ್ದ ಗುಂಪಿನಲ್ಲೂ ಮುಕ್ಕಾಲುಪಾಲಿನಷ್ಟು ಜನ ಆ ಗುರಿ ಮುಟ್ಟಲಿಲ್ಲ ಅನ್ನೋದನ್ನೂ ಓದಬೇಕು. ಜಾಹೀರಾತಿನಲ್ಲಿ ಅದು ಬರಲ್ಲ.

ಸರಿ, ಊಟದ ವಿಷಯ.

ಡ್ಯೂಡಿನಮ್ ತಪ್ಪಿತು ಅಂದೆವಲ್ಲ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಚೆನ್ನಾಗಿ ಹೀರಿಕೊಳ್ಳುವ ಜಾಗವೇ ಅದು. ಬಿ12 ಕಥೆ ಇನ್ನೂ ಸುತ್ತು. ಅದನ್ನು ಆಹಾರದಿಂದ ಬಿಡಿಸಲು ಜಠರದ ಆಮ್ಲ ಬೇಕು, ಕರುಳಿನ ಕೊನೆಯಲ್ಲಿ ಹೀರಿಕೊಳ್ಳಲು ಜಠರದಲ್ಲೇ ತಯಾರಾಗುವ ಇನ್ನೊಂದು ಪ್ರೋಟೀನ್ ಬೇಕು. ಜಠರ ಚಿಕ್ಕದಾದರೆ ಎರಡಕ್ಕೂ ಪೆಟ್ಟು. ಆದರೆ ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಕೊರತೆ ತಕ್ಷಣ ಕಾಣಲ್ಲ. ತೂಕ ಇಳಿದಿದೆ, ಮೈ ಹಗುರ, "ನಂಗೇನೂ ಆಗಿಲ್ಲ" ಅಂತ ಮಾತ್ರೆ ಬಿಟ್ಟವರಿಗೆ ವರ್ಷಗಳ ಮೇಲೆ ಪಾದ ಜೋಮು ಹಿಡಿಯಲು ಶುರುವಾಗಬಹುದು. ನರಕ್ಕೆ ಆದ ಹಾನಿ ಪೂರ್ತಿ ವಾಪಸ್ ಬರುತ್ತೆ ಅನ್ನೋ ಭರವಸೆ ಇಲ್ಲ. ಸೊಪ್ಪು, ಕಾಳು, ರಾಗಿಯಲ್ಲಿ ಬಿ12 ಇಲ್ಲ. ಹಾಲು, ಮೊಸರಿನಲ್ಲಿ ಸ್ವಲ್ಪ ಇದೆ. ಹಾಗಾಗಿ ನಮ್ಮಲ್ಲಿ ಸಸ್ಯಾಹಾರಿಗಳು ಈ ಆಪರೇಷನ್ನಿಗೆ ಹೋಗುವ ಮೊದಲೇ ರಕ್ತದಲ್ಲಿ ಬಿ12 ಎಷ್ಟಿದೆ ನೋಡಿಸಿಕೊಳ್ಳಬೇಕು.

ಪ್ರೋಟೀನ್ ಲೆಕ್ಕವೂ ಕಷ್ಟದ್ದೇ. ದಿನಕ್ಕೆ ಕನಿಷ್ಠ 60 ಗ್ರಾಂ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಮೊಟ್ಟೆಯಲ್ಲಿ ಇರೋದು ಸುಮಾರು 6 ಗ್ರಾಂ. ಮೊದಲ ತಿಂಗಳುಗಳಲ್ಲಿ ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತೆ. ಆ ನಾಲ್ಕು ತುತ್ತನ್ನು ಅನ್ನ-ತಿಳಿಸಾರಿಗೆ ಕೊಟ್ಟರೆ ಪ್ರೋಟೀನ್‌ಗೆ ಜಾಗವೇ ಇರಲ್ಲ. ಅದಕ್ಕೇ ಮೊಟ್ಟೆ, ಪನೀರ್, ಗಟ್ಟಿ ಬೇಳೆ, ಮೀನು ಮೊದಲು, ಅನ್ನ ಆಮೇಲೆ. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಡಬೇಕು. ಬೈಪಾಸ್ ಆದವರು ಹಬ್ಬದ ದಿನ ಪಾಯಸ, ಹೋಳಿಗೆ ಗಡದ್ದಾಗಿ ಹೊಡೆದರೆ ಸಕ್ಕರೆ ಒಮ್ಮೆಲೇ ಕರುಳಿಗೆ ನುಗ್ಗಿ ಬೆವರು, ಎದೆಬಡಿತ, ತಲೆಸುತ್ತು ಬರಬಹುದು. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಒಂದಕ್ಕೊಂದು ಅಡ್ಡ ಬರುತ್ತವೆ. ನಡುವೆ ಎರಡು ಗಂಟೆ ಅಂತರ ಇರಲಿ. ಇದೆಲ್ಲ ಆರು ತಿಂಗಳ ಪಥ್ಯ ಅಲ್ಲ. ಮಾತ್ರೆ ಮತ್ತು ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಜೀವನಪೂರ್ತಿ.

ಇನ್ನು ಥಯಮಿನ್, ಅಂದರೆ ಬಿ1. ಇದರ ದಾಸ್ತಾನು ದೇಹದಲ್ಲಿ ಎರಡು-ಮೂರು ವಾರಕ್ಕಷ್ಟೇ. ಆಪರೇಷನ್ ಆದವರಿಗೆ ದಿನಗಟ್ಟಲೆ ವಾಂತಿ ಆಗುತ್ತಿದ್ದರೆ ಅದು ಬೇಗ ಖಾಲಿ. ಮಿದುಳಿಗೆ ಪೆಟ್ಟು ಬಿದ್ದರೆ ನಡಿಗೆ ತೂರಾಡುತ್ತೆ, ಎದುರಿನ ವಸ್ತು ಎರಡಾಗಿ ಕಾಣುತ್ತೆ, ಮಾತು ಗೊಂದಲ ಆಗುತ್ತೆ. "ಸುಸ್ತಾಗಿದ್ದಾರೆ, ಒಂದು ಗ್ಲೂಕೋಸ್ ಡ್ರಿಪ್ ಹಾಕಿಸೋಣ" ಅಂತ ಹತ್ತಿರದ ಕ್ಲಿನಿಕ್ಕಿಗೆ ಹೋಗೋದು ಸಹಜ. ಥಯಮಿನ್ ಕೊಡದೆ ಗ್ಲೂಕೋಸ್ ಒಂದನ್ನೇ ಏರಿಸಿದರೆ ಸ್ಥಿತಿ ಇನ್ನೂ ಕೆಡಬಹುದು. ಮನೆಯಲ್ಲಿ ಚಿಕ್ಕಮ್ಮನೋ ಮಾವನೋ ಈ ಆಪರೇಷನ್ ಮಾಡಿಸಿಕೊಂಡಿದ್ದು ಹೀಗಾದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬಾಗಿಲಲ್ಲೇ ಆಪರೇಷನ್ನಿನ ಹೆಸರು, ಮಾಡಿಸಿದ ತಿಂಗಳು, ವಾಂತಿ ಶುರುವಾಗಿ ಎಷ್ಟು ದಿನ ಆಯ್ತು ಅನ್ನೋದನ್ನು ಹೇಳಿ.