ಫ್ರಿಜ್‌ನಲ್ಲಿಟ್ಟ ಹಾಲು ಯಾಕೆ ಕೆಟ್ಟಿತು? ಚಳಿಗೆ ಹೆದರದ ಬ್ಯಾಕ್ಟೀರಿಯಾ ಮತ್ತು ಇನ್ಫ್ರಾರೆಡ್ ಬೆಳಕು

ಈ ವಾರ ನನ್ನದೇ ತಪ್ಪಿನ ಕಥೆ ಹೇಳ್ತೀನಿ.

ಮೂಡಲಗಿ ಹತ್ತಿರ ನಮ್ಮ ತೋಟ, ಎರಡು ಎಮ್ಮೆ. ಹೋದ ವರ್ಷ ಮದುವೆ ಸೀಜನ್‌ನಲ್ಲಿ ಗೋಕಾಕದ ಸಿಹಿ ಅಂಗಡಿಯವರೊಬ್ಬರು ಖವಾ ಮಾಡಲು ಒಮ್ಮೆಗೇ 25 ಲೀಟರ್ ಹಾಲು ಕೇಳಿದರು. ನಮ್ಮಲ್ಲಿ ದಿನಕ್ಕೆ ಎಂಟು ಲೀಟರೂ ಆಗೋದಿಲ್ಲ. ನಾಲ್ಕು ದಿನದ ಹಾಲನ್ನು ಕಾಸದೇ ಫ್ರಿಜ್‌ನಲ್ಲಿ ಕೂಡಿಟ್ಟು ಕೊಟ್ಟೆ. ಹಾಲು ಒಡೆಯಲಿಲ್ಲ, ಹುಳಿಯೂ ಆಗಲಿಲ್ಲ. ಆದರೆ ಖವಾಕ್ಕೆ ಸಾಬೂನಿನಂಥ ವಾಸನೆ ಬಂತು. "ಹಾಲಿಗಿ ಏನ್ ಬೆರಸೀರಿ?" ಅಂತ ಕೇಳಿದರು. ರೊಕ್ಕ ಹೋಗಿದ್ದಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು.

ಪುಣ್ಯಕ್ಕೆ ಒಂದು ಬಾಟಲಿ ಹಾಲು ಉಳಿದಿತ್ತು. ಹುಕ್ಕೇರಿಯ ನಮ್ಮ ಸೋದರಮಾವನ ಮಗ ಡೇರಿ ಲ್ಯಾಬಿನಲ್ಲಿ ಕೆಲಸ ಮಾಡ್ತಾನೆ. ಇನ್ಫ್ರಾರೆಡ್ ಯಂತ್ರದಲ್ಲಿ ಹಾಕಿ ನೋಡಿ ಫೋನ್ ಮಾಡಿದ: "ಅಣ್ಣಾ, ಏನೂ ಬೆರಸಿಲ್ಲ. ಕೊಬ್ಬು ಮುರದೈತಿ."

ಬರೇ ಬೆಳಕು ಬಿಟ್ಟು ಇದು ಹೇಗೆ ಗೊತ್ತಾಗ್ತದ? 1800ರಲ್ಲಿ ವಿಲಿಯಂ ಹರ್ಶೆಲ್ ಬಿಸಿಲನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟರು. ಪಾದರಸ ಏರಿತು. ಕಣ್ಣಿಗೆ ಕಾಣದ ಆ ಬೆಳಕೇ ಇನ್ಫ್ರಾರೆಡ್. ಕೊಬ್ಬು, ಪ್ರೋಟೀನ್, ಸಕ್ಕರೆ ಎಲ್ಲದರೊಳಗೂ ಪರಮಾಣುಗಳು ಸ್ಪ್ರಿಂಗ್‌ನಂತೆ ಒಂದಕ್ಕೊಂದು ಜೋಡಿಸಿಕೊಂಡಿರ್ತಾವೆ. ಒಂದೊಂದು ಜೋಡಣೆಯೂ ತನಗೆ ಹೊಂದುವ ಬೆಳಕನ್ನಷ್ಟೇ ಹೀರಿಕೊಂಡು ಅಲುಗಾಡ್ತದೆ. ಎಲ್ಲಿ ಎಷ್ಟು ಬೆಳಕು ಹೀರಿತು ಅನ್ನೋದನ್ನು ಯಂತ್ರ ಗ್ರಾಫ್ ಮಾಡಿ ತೋರಿಸ್ತದೆ. ಗ್ರಾಫಿನ ಅಳತೆಯಲ್ಲಿ 1745ರ ಹತ್ತಿರ ಏರು ಬಂದರೆ ಗಟ್ಟಿಮುಟ್ಟಾದ ಕೊಬ್ಬು, 1650 ಮತ್ತು 1550ರ ಹತ್ತಿರ ಪ್ರೋಟೀನ್. ಕೊಬ್ಬು ಮುರಿದು ಆಮ್ಲ ಬಿಡುಗಡೆಯಾದರೆ 1710ರ ಸುತ್ತ ಅದರ ಗುರುತು ಬೀಳ್ತದೆ. ಊರಿನ ಸಂಘದಲ್ಲಿ ಫ್ಯಾಟ್ ನೋಡುವ ಚಿಕ್ಕ ಯಂತ್ರ ಸಾಮಾನ್ಯವಾಗಿ ಅಲ್ಟ್ರಾಸಾನಿಕ್, ಅಂದರೆ ಶಬ್ದದ ಅಲೆಯಿಂದ ಅಳೆಯುವಂಥದ್ದು. ಈ ಮುರಿತ ಅದಕ್ಕೆ ಕಾಣೋದಿಲ್ಲ.

ಮುರಿದದ್ದು ಯಾರು? ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಫ್ರಿಜ್‌ನಲ್ಲಿ ಮಲಗಿಬಿಡ್ತಾವೆ. ಆಗ ಹೊಲ ಖಾಲಿ. ಅಲ್ಲಿ ಚಳಿ ತಡೆಯುವ ಸುಡೋಮೋನಾಸ್ ಕುಲದವು ಬೆಳೀತಾವೆ. ಹೆಸರು ಕೇಳಿದ ಹಾಗಿದೆಯಾ? ಅರಿಶಿನದ ಗಡ್ಡೆ ಕೊಳೆಯದಿರಲಿ ಅಂತ ನಾವು ಬೀಜೋಪಚಾರಕ್ಕೆ ಹಚ್ಚುವ ಪುಡಿಯಲ್ಲಿರೋದೂ ಇದೇ ಕುಲ. ಮಣ್ಣಿನಲ್ಲಿ ಗೆಳೆಯ, ಕ್ಯಾನಿನಲ್ಲಿ ಕಳ್ಳ! ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮಣ್ಣಿನಲ್ಲೂ ಸುಡೋಮೋನಾಸ್ ಹುಡುಕಿ ತೆಗೆದಿದ್ದಾರೆ. ಅಂಥ ಕುಲಕ್ಕೆ ನಮ್ಮ ಫ್ರಿಜ್‌ನ 4 ಡಿಗ್ರಿ ಯಾವ ಲೆಕ್ಕ?

ಇವು ಚಳಿಯಲ್ಲಿ ಬದುಕುವ ಗುಟ್ಟು ಅಡುಗೆಮನೆಯಲ್ಲೇ ಇದೆ. ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗ್ತದೆ, ಕುಸುಬಿ ಎಣ್ಣೆ ನೀರಾಗಿಯೇ ಇರ್ತದೆ. ಬ್ಯಾಕ್ಟೀರಿಯಾದ ಸುತ್ತಲಿನ ಪೊರೆಯೂ ಕೊಬ್ಬಿನದೇ. ತಂಪು ಹೆಚ್ಚಾದಂತೆ ಇವು ಪೊರೆಯಲ್ಲಿ ತುಪ್ಪದಂಥ ಕೊಬ್ಬು ಕಡಿಮೆ ಮಾಡಿ ಎಣ್ಣೆಯಂಥದ್ದನ್ನು ಸೇರಿಸಿಕೊಳ್ತಾವೆ. ಇದನ್ನೂ ಇನ್ಫ್ರಾರೆಡ್‌ನಲ್ಲೇ ನೋಡಬಹುದು: ಪೊರೆ ಮೆತ್ತಗಾದಾಗ 2850ರ ಹತ್ತಿರದ ಏರು ಎರಡು ಮೂರು ಅಂಕಿಯಷ್ಟು ಮೇಲೆ ಸರಿಯುತ್ತದೆ. ಬ್ಯಾಕ್ಟೀರಿಯಾದ ಇಡೀ ಗ್ರಾಫ್ ಹೆಬ್ಬೆಟ್ಟಿನ ಗುರುತಿನಂತೆ, ಅದರಿಂದ ಜಾತಿ ಪತ್ತೆ ಮಾಡಬಹುದು ಅಂತ ಜರ್ಮನಿಯ ಡೀಟರ್ ನೌಮನ್ ಮತ್ತು ಸಂಗಡಿಗರು 1991ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು.

ಸುಡೋಮೋನಾಸ್ ಬಿಡುವ ಕಿಣ್ವಗಳೇ ಕೊಬ್ಬು, ಪ್ರೋಟೀನ್ ಎರಡನ್ನೂ ಕತ್ತರಿಸೋದು. ಹಾಲು ಕಾಸಿದರೆ ಬ್ಯಾಕ್ಟೀರಿಯಾ ಸಾಯ್ತಾವೆ, ಆದರೆ ಈ ಕಿಣ್ವಗಳಲ್ಲಿ ಕೆಲವು ಪಾಶ್ಚರೀಕರಣದ ಬಿಸಿಯನ್ನೂ ತಡೆದು ಉಳೀತಾವೆ. ಒಮ್ಮೆ ಮುರಿದ ಕೊಬ್ಬಂತೂ ಮತ್ತೆ ಕೂಡೋದಿಲ್ಲ. ಅದಕ್ಕೇ "ನಾಳೆ ಕಾಸಿದರಾಯ್ತು" ಅನ್ನೋದು ನಡೆಯೋದಿಲ್ಲ. ಹಾಲು ಮನೆಯಲ್ಲೇ ಉಳಿಯೋದಾದರೆ ಹಿಂಡಿದ ಹೊತ್ತಿಗೇ ಕಾಸಿ, ಬೇಗ ಆರಿಸಿ, ಆಮೇಲೆ ಫ್ರಿಜ್‌ನಲ್ಲಿಡಿ. ಹಸಿ ಹಾಲಾದರೆ ಅವತ್ತೇ ಸಾಗಿಸಿ, ನಿನ್ನೆಯದರ ಜೊತೆ ಕೂಡಿಸಬೇಡಿ.

ಇವು ಹಾಲಿಗೆ ಬರೋದು ಹೆಚ್ಚಾಗಿ ನೀರು ಮತ್ತು ಪಾತ್ರೆಯಿಂದ. ನಾನು ಕ್ಯಾನ್ ಥಳಥಳ ಅನ್ನುವ ಹಾಗೆ ತಿಕ್ಕುತ್ತಿದ್ದೆ, ಮುಚ್ಚಳದ ರಬ್ಬರ್ ಮಾತ್ರ ತೆಗೆದು ತೊಳೆದಿರಲೇ ಇಲ್ಲ. ತೆಗೆದು ನೋಡಿದರೆ ಕೆಳಗೆ ಲೋಳೆ! ಈಗ ರಬ್ಬರ್ ಬಿಚ್ಚಿ, ಸೋಪು ಹಚ್ಚಿ ಬಿಸಿನೀರಲ್ಲಿ ತೊಳೆದು, ಕ್ಯಾನನ್ನು ಬಿಸಿಲಿಗೆ ಬೋರಲು ಹಾಕ್ತೀನಿ. ಕೆಚ್ಚಲು ತೊಳೆದ ಮೇಲೆ ಒಣ ಬಟ್ಟೆಯಿಂದ ಒರೆಸಿಯೇ ಹಿಂಡ್ತೀನಿ.

ಅಂಗಡಿಯವರಿಗೆ ಲ್ಯಾಬಿನ ಗ್ರಾಫ್ ತೋರಿಸಿದೆ. ಆ 25 ಲೀಟರಿನ ರೊಕ್ಕ ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ. ಈಗ ದಿನಾ ಏಳು ಲೀಟರ್ ಅವರಿಗೇ ಹಾಕ್ತೀನಿ, ಹಿಂಡಿದ ಎರಡು ತಾಸಿನೊಳಗೆ.